ದೂರವೇ ಬೇಲಿಯಾದ ದ್ವೀಪ

(ಸಂಜೆಯೊಂದರ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಹುಲ್ಲಿನ ಬೀಜದಿಂದ ಮಾತು ಶುರು ಮಾಡುತ್ತೇನೆ.

ನೌಕೆಯ ಹಿಂಬದಿಯ ಅಟ್ಟದ ಮೇಲೆ ನಾವು ಎಂಟು ಜನ ಬೂಟು, ಚೀಲ, ಟೋಪಿ, ಕ್ಯಾಮೆರಾದ ಪಟ್ಟಿ ಎಲ್ಲವನ್ನೂ ಹರವಿಕೊಂಡು ಕೂತಿದ್ದೆವು. ಎದುರಿಗೇ ಹಿಂದೂ ಮಹಾಸಾಗರದ ಅಲ್ಡಾಬ್ರಾ ದ್ವೀಪ. ಮರಳು ಕಾಣುತ್ತಿತ್ತು, ಮರಳಿನ ಹಿಂದಿನ ತೆಂಗಿನ ಮರಗಳು ಕಾಣುತ್ತಿದ್ದವು. ಮೂರೂವರೆ ದಿನ ಕಡಲಲ್ಲಿ ಹೊಯ್ದಾಡಿ ಬಂದವರಿಗೆ ಇನ್ನು ಐದು ನಿಮಿಷ ಕಾಯುವುದೂ ಕಷ್ಟ. ಆದರೆ ದ್ವೀಪದಿಂದ ಪುಟ್ಟ ದೋಣಿಯಲ್ಲಿ ಬಂದ ರೇಂಜರ್‌ ಹೆಣ್ಣುಮಗಳಿಗೆ ಯಾವ ಅವಸರವೂ ಇರಲಿಲ್ಲ. ನನ್ನ ಬೂಟಿನ ವೆಲ್ಕ್ರೋ ಪಟ್ಟಿಯನ್ನು ಬಿಡಿಸಿ, ಬೆಳಕಿಗೆ ಹಿಡಿದು, ಚಿಮುಟದಿಂದ ಏನನ್ನೋ ಕಿತ್ತು ಅಂಗೈ ಮೇಲಿಟ್ಟು ತೋರಿಸಿದಳು. ಎಳ್ಳಿಗಿಂತ ಸಣ್ಣ, ಮೈಯೆಲ್ಲ ಮುಳ್ಳಿದ್ದ ಒಂದು ಬೀಜ. ಅದನ್ನೊಂದು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದಳು. "ಇದಕ್ಕೋಸ್ಕರವೇ ನಾನು ಬಂದದ್ದು" ಅಂದಳು. ಆಮೇಲೆ ಉಳಿದ ಏಳು ಜೊತೆ ಬೂಟುಗಳನ್ನೂ ಅಷ್ಟೇ ನಿಧಾನವಾಗಿ ನೋಡಿದಳು.

ಹೊರಡುವ ಮುಂಚೆ ಆ ಬೂಟನ್ನು ನಾನೇ ತೊಳೆದಿದ್ದೆ. ಉಜ್ಜಿ ತೊಳೆದಿದ್ದೆ. ಆದರೂ ಬೀಜ ಉಳಿದಿತ್ತು. ಆ ದ್ವೀಪದ ಬಗ್ಗೆ ನಾನು ಇವತ್ತು ಹೇಳಬೇಕೆಂದಿರುವ ಮಾತೆಲ್ಲ ಆ ಡಬ್ಬಿಯೊಳಗೇ ಇದೆ ಅನ್ನಿಸುತ್ತದೆ.

ಪರದೆಯ ಮೇಲಿನ ನಕ್ಷೆ ನೋಡಿ. ಅಲ್ಡಾಬ್ರಾ ಸೇಶೆಲ್ಸ್ ದೇಶಕ್ಕೆ ಸೇರಿದ್ದು. ಆ ದೇಶದ ಮುಖ್ಯ ದ್ವೀಪ ಮಾಹೆ. ಕೇರಳ ಕರಾವಳಿಯ ಮಾಹೆಯಲ್ಲ, ಇದು ಬೇರೆ. ಅಲ್ಲಿಂದ ನೈಋತ್ಯಕ್ಕೆ 1,100 ಕಿ.ಮೀ.ಗೂ ಹೆಚ್ಚು ದೂರ. ಮಡಗಾಸ್ಕರ್‌ ಇದಕ್ಕಿಂತ ಹತ್ತಿರ. ಉಂಗುರದ ಹಾಗಿರುವ ಈ ಹವಳದ ದಿಬ್ಬ ಸುಮಾರು 34 ಕಿ.ಮೀ. ಉದ್ದ, 14 ಕಿ.ಮೀ. ಅಗಲ. ಉಂಗುರ ಕೆಲವು ಕಡೆ ಒಡೆದು ನಾಲ್ಕು ದೊಡ್ಡ ದ್ವೀಪಗಳಾಗಿದೆ: ಗ್ರಾಂದ್ ತೇರ್, ಮಲಬಾರ್, ಪೊಲಿಮ್ನಿ, ಪಿಕಾರ್. ನಡುವೆ ದೊಡ್ಡದೊಂದು ಲಗೂನು, ಅಂದರೆ ದಿಬ್ಬ ಸುತ್ತುವರಿದ ಕಡಲನೀರಿನ ಕೊಳ. ಸಾಮಾನ್ಯವಾಗಿ ಇಂಥ ಹವಳದ್ವೀಪಗಳು ನೀರಿನ ಮಟ್ಟಕ್ಕಿಂತ ಒಂದೆರಡು ಮೀಟರ್ ಮಾತ್ರ ಮೇಲಿರುತ್ತವೆ. ಇದು ಎಂಟು ಮೀಟರ್‌ವರೆಗೂ ಮೇಲೆದ್ದಿದೆ. ಹಿಂದೊಮ್ಮೆ ಕಡಲಡಿಯಲ್ಲಿ ಜೀವಂತವಾಗಿದ್ದ ಹವಳ ಈಗ ಬಿಸಿಲಿಗೆ ಒಡ್ಡಿಕೊಂಡ ಸುಣ್ಣಕಲ್ಲು. ಮಳೆ, ಉಪ್ಪುಗಾಳಿ ಅದನ್ನು ಕೊರೆದು ಕೊರೆದು ಗರಗಸದ ಹಲ್ಲಿನ ಹಾಗೆ ಮಾಡಿವೆ. ಅಲ್ಲಿನವರು ಈ ನೆಲಕ್ಕೆ ಷಾಂಪಿನ್ಯೋ ಅನ್ನುತ್ತಾರೆ, ಅಂದರೆ ಅಣಬೆ. ಅದರ ಮೇಲೆ ಹತ್ತು ಹೆಜ್ಜೆ ನಡೆದ ಮೇಲೆ ನನಗೆ ಅರ್ಥವಾಯಿತು, ಇಲ್ಲಿ ಯಾಕೆ ದೊಡ್ಡ ಊರು ಬೆಳೆಯಲಿಲ್ಲ ಅಂತ. ಕುಡಿಯುವ ನೀರಿನ ತೊರೆಯಿಲ್ಲ, ಉಳುವ ಮಣ್ಣಿಲ್ಲ, ಹಡಗು ನಿಲ್ಲಲು ಒಳ್ಳೆಯ ಬಂದರಿಲ್ಲ.

ಅಲ್ಲಿಗೆ ಹೋಗುವ ದಾರಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಈ ಉಪನ್ಯಾಸದ ಕರಪತ್ರ ಓದಿದವರೆಲ್ಲ ಕೇಳುವುದು ಅದನ್ನೇ. ಅಲ್ಡಾಬ್ರಾದಲ್ಲಿ ವಿಮಾನ ಇಳಿಯುವ ಜಾಗವಿಲ್ಲ, ಹೋಟೆಲಿಲ್ಲ, ಪ್ರವಾಸಿಗಳು ನೆಲದ ಮೇಲೆ ರಾತ್ರಿ ತಂಗುವ ಹಾಗಿಲ್ಲ. ಉಣ್ಣುವುದು, ಮಲಗುವುದು, ಸ್ನಾನ ಎಲ್ಲವೂ ನೌಕೆಯಲ್ಲೇ. ಹಾಗಾಗಿ ಸಿಬ್ಬಂದಿ ಸಮೇತ ಇಡೀ ನೌಕೆಯನ್ನೇ ಬಾಡಿಗೆಗೆ ಹಿಡಿಯಬೇಕು. ನಾವು ಎಂಟು ಜನ ಖರ್ಚು ಹಂಚಿಕೊಂಡೆವು. ನಮ್ಮದು ಎರಡು ಒಡಲಿನ ಕಟಮರಾನ್. ಈ ಪದ ನಮ್ಮ ಕಡೆಯಿಂದಲೇ ಹೋದದ್ದು. ತಮಿಳಿನ ಕಟ್ಟುಮರ, ಕಟ್ಟಿದ ಮರ. ಕಡಲಿನ ಮಧ್ಯೆ ಅದನ್ನು ನೆನೆದಾಗ ಏನೋ ಒಂದು ಧೈರ್ಯ ಬಂದದ್ದು ನಿಜ.

ನೌಕೆಗೂ ತಪಾಸಣೆ ಉಂಟು. ತಳಕ್ಕೆ ಅಂಟಿದ ಚಿಪ್ಪುಜೀವಿ, ಪಾಚಿಯನ್ನೆಲ್ಲ ಕೆರೆದು ತೆಗೆದಿರಬೇಕು. ಒಳಗೆ ಇಲಿಯಿಲ್ಲ ಅನ್ನುವುದಕ್ಕೆ ಪ್ರಮಾಣಪತ್ರ ಬೇಕು. ದ್ವೀಪವನ್ನು ನೋಡಿಕೊಳ್ಳುವ ಸೇಶೆಲ್ಸ್ ಐಲೆಂಡ್ಸ್ ಫೌಂಡೇಶನ್ನಿನ ಅನುಮತಿ ಮೊದಲೇ ಪಡೆದಿರಬೇಕು, ತಲೆಗೆ ಇಷ್ಟು ಅಂತ ದಿನದ ಶುಲ್ಕ ಕಟ್ಟಬೇಕು. ಇನ್ನು ಕಾಲ. ಸೇಶೆಲ್ಸ್ ಜನ ವರ್ಷವನ್ನು ಎರಡು ಗಾಳಿಗಳಾಗಿ ಹಂಚುತ್ತಾರೆ. ಮೇಯಿಂದ ಅಕ್ಟೋಬರ್‌ವರೆಗೆ ಆಗ್ನೇಯದಿಂದ ಬೀಸುವ ಗಾಳಿಗೆ ಅವರ ಕ್ರಿಯೋಲ್ ಭಾಷೆಯಲ್ಲಿ 'ಸುಯೆತ್' ಅಂತ ಹೆಸರು. ಡಿಸೆಂಬರಿನಿಂದ ಮಾರ್ಚ್‌ವರೆಗಿನ ವಾಯುವ್ಯದ ಗಾಳಿ 'ನೊರ್ವಾ'. ಎರಡರ ನಡುವಿನ ಸಂಧಿಯಲ್ಲಿ, ಅಂದರೆ ಮಾರ್ಚ್-ಏಪ್ರಿಲ್ ಅಥವಾ ನವೆಂಬರಿನಲ್ಲಿ, ಕಡಲು ಕೊಂಚ ಶಾಂತವಾಗಿರುತ್ತದೆ. ಆಗ ಹೋಗಬೇಕು. ನಾವು ಹೋದದ್ದು ಮಾರ್ಚ್ ಕೊನೆಯಲ್ಲಿ.

ಲೆಕ್ಕ ಸರಳ. ಸುಮಾರು 600 ನಾಟಿಕಲ್ ಮೈಲಿ, ಏಳು ನಾಟ್ ವೇಗ, ಅಂದರೆ ಗಂಟೆಗೆ ಏಳು ನಾಟಿಕಲ್ ಮೈಲಿ. ಹಗಲೂ ರಾತ್ರಿ ನಿಲ್ಲದೆ ನಡೆದರೆ ಮೂರೂವರೆ ದಿನ. ದಾರಿಯಲ್ಲಿ ಡೀಸೆಲ್ ಸಿಗುತ್ತದೆಂದು ನಂಬಿಕೊಂಡು ಹೊರಡುವಂತಿಲ್ಲ. ಹೋಗಿ ಬರುವಷ್ಟನ್ನೂ ಹೊತ್ತೇ ಹೊರಡಬೇಕು. ಕುಡಿಯುವ ನೀರನ್ನು ಯಂತ್ರ ಸಮುದ್ರದ ನೀರಿನಿಂದಲೇ ಸೋಸಿ ಕೊಡುತ್ತದೆ. ಮೊದಲ ದಿನ ನಮ್ಮಲ್ಲಿ ಐದು ಜನ ಏಳಲೇ ಇಲ್ಲ, ವಾಂತಿ. ಎರಡನೇ ದಿನಕ್ಕೆ ಮೈ ಅಲೆಯ ಲಯಕ್ಕೆ ಒಗ್ಗಿತು. ನನಗೆ ನಾವಿಕನ ಜೊತೆ ಬೆಳಗಿನ ಜಾವ ಎರಡರಿಂದ ನಾಲ್ಕರವರೆಗೆ ಕಾವಲಿಗೆ ಕೂರುವ ಅವಕಾಶ ಸಿಕ್ಕಿತು. ಚಂದ್ರ ಇರಲಿಲ್ಲ. ನೌಕೆ ಸೀಳಿದ ನೀರು ಎರಡೂ ಬದಿಗೆ ಹಸಿರು ಬೆಳಕಾಗಿ ಮಿನುಗುತ್ತಾ ಹಿಂದೆ ಹೋಗುತ್ತಿತ್ತು. ಅಲುಗಾಡಿದರೆ ಹೊಳೆಯುವ ಸೂಕ್ಷ್ಮಜೀವಿಗಳು ಅವು. ಆ ಎರಡು ಗಂಟೆಯಲ್ಲಿ ಬೇರೊಂದು ಹಡಗಿನ ದೀಪವೂ ಕಾಣಲಿಲ್ಲ. ಈ ದೂರವನ್ನು ವಿಮಾನದ ಕಿಟಕಿಯಿಂದ ನೋಡಿದ್ದರೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಗಂಟೆಗೆ ಹದಿಮೂರು ಕಿಲೋಮೀಟರಿನಂತೆ ಅದನ್ನು ಮೈಯಲ್ಲಿ ಅನುಭವಿಸಿದ್ದರಿಂದಲೇ ಮುಂದೆ ಕಂಡದ್ದು ಅರ್ಥವಾಯಿತು.

ಕಂಡದ್ದು ಆಮೆಗಳು. ಒಂದು ಲಕ್ಷಕ್ಕೂ ಹೆಚ್ಚು ದೈತ್ಯ ಆಮೆಗಳು ಅಲ್ಲಿವೆ. ಹಿಂದೂ ಮಹಾಸಾಗರದ ಇತರ ದ್ವೀಪಗಳಲ್ಲೂ ಒಂದು ಕಾಲಕ್ಕೆ ಇಂಥವು ಇದ್ದವು. ಮಾರಿಷಸ್, ರಿಯೂನಿಯನ್, ರೊಡ್ರಿಗ್ಸ್‌ಗಳಲ್ಲಿ ಒಂದೊಂದರಲ್ಲೂ ಅದರದ್ದೇ ಜಾತಿಯ ಆಮೆ. ಅವುಗಳ ಪಾಲಿಗೆ ಮೃತ್ಯುವಾದದ್ದು ಅವುಗಳ ತಾಳ್ಮೆ. ತಿಂಗಳುಗಟ್ಟಲೆ ಅನ್ನ ನೀರಿಲ್ಲದೆ ಬದುಕುತ್ತವೆ ಅಂತ ನಾವಿಕರು ಅವನ್ನು ಜೀವಂತ ಮಾಂಸದ ಮೂಟೆಗಳ ಹಾಗೆ ಹಡಗಿನ ಹೊಟ್ಟೆಯಲ್ಲಿ ಪೇರಿಸಿಕೊಂಡು ಹೋದರು. 19ನೇ ಶತಮಾನದ ಹೊತ್ತಿಗೆ ಆ ದ್ವೀಪಗಳು ಬರಿದಾದವು. ಕಾಡಿನಲ್ಲಿ ತಾನಾಗಿ ಉಳಿದುಕೊಂಡದ್ದು ಅಲ್ಡಾಬ್ರಾದ ಸಂತತಿ ಒಂದೇ. ಅದೂ ಒಮ್ಮೆ ಅಳಿವಿನ ಅಂಚಿಗೆ ಹೋಗಿತ್ತು. 1874ರಲ್ಲಿ ಅಲ್ಲಿ ಮರ ಕಡಿಯುವ ಮಾತು ಬಂದಾಗ ಚಾರ್ಲ್ಸ್ ಡಾರ್ವಿನ್, ಸಸ್ಯವಿಜ್ಞಾನಿ ಜೋಸೆಫ್ ಹುಕರ್ ಮುಂತಾದವರು ಮಾರಿಷಸ್‌ನ ಗವರ್ನರ್‌ಗೆ ಪತ್ರ ಬರೆದು ಆಮೆಗಳನ್ನು ಉಳಿಸಿ ಎಂದು ಕೇಳಿಕೊಂಡರು. ತಾನು ಕಾಲಿಡದ ದ್ವೀಪದ ಪ್ರಾಣಿಗಾಗಿ ಡಾರ್ವಿನ್ ಸಹಿ ಹಾಕಿದ್ದ. ನನಗೆ ಅದು ದೊಡ್ಡ ಮಾತು.

ಬೆಳಿಗ್ಗೆ ಎಂಟಕ್ಕೇ ಅವು ನೆರಳು ಹುಡುಕಲು ಶುರು ಮಾಡುತ್ತವೆ. ಬಿಸಿಲೇರುವ ಮುಂಚೆ ಮರದಡಿ ಸೇರದಿದ್ದರೆ ಚಿಪ್ಪಿನೊಳಗೇ ಬೆಂದು ಸಾಯುತ್ತವೆ. ಹಾಗಾಗಿ ಒಂದೇ ಮರದ ಕೆಳಗೆ ಹತ್ತು, ಇಪ್ಪತ್ತು ಆಮೆಗಳು ಒಂದಕ್ಕೊಂದು ಒತ್ತಿಕೊಂಡು, ಕಲ್ಲುಗುಂಡುಗಳ ರಾಶಿಯ ಹಾಗೆ ಮಲಗಿರುತ್ತವೆ. ಬಲಿತ ಗಂಡು 250 ಕಿಲೋ ತೂಗಬಲ್ಲದು. ಸದ್ದು ಏನೆಂದರೆ ಉಸಿರಿನದು, ಮತ್ತೆ ಚಿಪ್ಪಿಗೆ ಚಿಪ್ಪು ತಾಗುವ ಟಕ್ ಟಕ್. ಕಲ್ಲಿನ ಬಿರುಕಿನಲ್ಲಿ ನಿಂತ ಬೊಗಸೆ ಮಳೆನೀರನ್ನು ಅವು ಮೂಗಿನಿಂದಲೇ ಹೀರಿ ಕುಡಿಯುತ್ತವೆ, ಅಷ್ಟು ತೆಳುವಾದ ನೀರಿಗೆ ಬಾಯಿ ಮುಳುಗುವುದಿಲ್ಲ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಆಮೆಗಿಂತ ಅದರ ಕಾಲಡಿಯ ಹುಲ್ಲು. ಅದಕ್ಕೆ ಆಮೆಹುಲ್ಲು ಅನ್ನಬಹುದು. ಇಪ್ಪತ್ತರಷ್ಟು ಬಗೆಯ ಸಣ್ಣ ಗಿಡ, ಹುಲ್ಲು, ಜೇಕುಗಳು ಸೇರಿ ಒಂದು ಚಾಪೆ. ಎತ್ತರ ಬೆರಳಿನ ಉಗುರಿನಷ್ಟು. ಸಾವಿರಾರು ವರ್ಷ ಆಮೆಗಳು ಮೇಯ್ದೂ ಮೇಯ್ದೂ, ತಲೆ ಎತ್ತಿದ ಗಿಡವೆಲ್ಲ ಬಾಯಿಗೆ ಹೋಗಿ, ನೆಲಕ್ಕಂಟಿ ಹೂಬಿಟ್ಟು ಬೀಜ ಕಟ್ಟಬಲ್ಲ ಗಿಡಗಳಷ್ಟೇ ಉಳಿದುಕೊಂಡಿವೆ. ಮಂಡಿಯೂರಿ ಕೆನ್ನೆಯನ್ನು ನೆಲಕ್ಕೆ ತಾಗಿಸಿದರೆ ಮಾತ್ರ ಹೂವು ಕಾಣುತ್ತದೆ. ನಾನು ಹಾಗೆ ಮಲಗಿ ನೋಡುತ್ತಿದ್ದಾಗ ಆ ಡಬ್ಬಿಯ ಬೀಜ ನೆನಪಾಯಿತು. ಹೊರಗಿನ ಒರಟು ಹುಲ್ಲೊಂದು ಇಲ್ಲಿ ಬೇರು ಬಿಟ್ಟರೆ ಈ ಚಾಪೆಯ ಗತಿ ಏನು?

ಲಗೂನಿನ ವಿಷಯಕ್ಕೆ ಬರುತ್ತೇನೆ. ಉಬ್ಬರ ಇಳಿತದ ಅಂತರ ಅಲ್ಲಿ ಮೂರು ಮೀಟರ್ ದಾಟುತ್ತದೆ. ಅಷ್ಟು ದೊಡ್ಡ ಲಗೂನಿನ ನೀರು ದಿನಕ್ಕೆ ಎರಡು ಸಲ ಒಳಬಂದು ಎರಡು ಸಲ ಹೊರಹೋಗಬೇಕು, ಅದೂ ಬೆರಳೆಣಿಕೆಯ ಕಂಡಿಗಳ ಮೂಲಕ. ಸುಮಾರು ಶೇಕಡಾ 60ರಷ್ಟು ನೀರು ಗ್ರಾಂದ್ ಪಾಸ್ ಎಂಬ ಒಂದೇ ಕಾಲುವೆಯಲ್ಲಿ ಹಾಯುತ್ತದೆ. ಅದು ಸಮುದ್ರ ಅನ್ನಿಸುವುದೇ ಇಲ್ಲ, ಮಳೆಗಾಲದ ಹೊಳೆ. ಉಬ್ಬರ ಶುರುವಾಗುವ ಹೊತ್ತು ನೋಡಿ ನಮ್ಮನ್ನು ಕಾಲುವೆಯ ಬಾಯಲ್ಲಿ ನೀರಿಗಿಳಿಸಿದರು, ರಬ್ಬರ್ ದೋಣಿ ಜೊತೆಗೇ ಬರುತ್ತಿತ್ತು. ಕೈಕಾಲು ಆಡಿಸುವ ಅಗತ್ಯವೇ ಇಲ್ಲ. ಮುಖಗನ್ನಡಕದ ಕೆಳಗೆ ಹವಳದ ಗೋಡೆ ಸರಸರನೆ ಹಿಂದೆ ಓಡುತ್ತಿತ್ತು. ನಮ್ಮ ಜೊತೆಗೇ, ಅದೇ ನೀರಿನ ಮೇಲೆ ಸವಾರಿ ಮಾಡುತ್ತಾ, ಸಾಲು ಸಾಲು ಮೀನು. ಅವುಗಳ ಹಿಂದೆ ರೆಕ್ಕೆಯ ತುದಿ ಕಪ್ಪಾಗಿರುವ ಶಾರ್ಕುಗಳು. ಅವೂ ಲಗೂನಿನೊಳಗೆ ಮೇಯಲು ಹೊರಟವು. ಒಂದು ಹಸಿರು ಕಡಲಾಮೆ ನನ್ನ ಕೈಗೆ ಎಟಕುವಷ್ಟು ಹತ್ತಿರ ಬಂದು, ನನ್ನನ್ನು ಒಮ್ಮೆ ನೋಡಿ, ತನ್ನ ಪಾಡಿಗೆ ತೇಲಿಹೋಯಿತು. ಅದರ ಪಾಲಿಗೆ ನಾನು ಭಯ ಹುಟ್ಟಿಸುವ ಪ್ರಾಣಿಯೇ ಅಲ್ಲ. ಅಲ್ಲಿ ಕಡಲಾಮೆ ಬೇಟೆ ನಿಂತದ್ದು 1968ರಲ್ಲಿ. ಅಂದಿನಿಂದ ಮೊಟ್ಟೆಯಿಡಲು ಬರುವ ಹೆಣ್ಣುಗಳ ಸಂಖ್ಯೆ ಹಲವು ಪಟ್ಟು ಏರಿದೆ. ಕಡಲಾಮೆ ಹುಟ್ಟಿ, ಬೆಳೆದು, ಮೊಟ್ಟೆಯಿಡಲು ಮರಳುವುದಕ್ಕೆ ದಶಕಗಳೇ ಬೇಕು. ಹಾಗಾಗಿ ಆವತ್ತು ಉಳಿಸಿದವರಲ್ಲಿ ಎಷ್ಟೋ ಜನ ಫಲ ನೋಡಿರಲಿಕ್ಕಿಲ್ಲ.

ಇಳಿತದ ಹೊತ್ತಿಗೆ ಲಗೂನಿನ ಎಷ್ಟೋ ಭಾಗ ಒಣಗುತ್ತದೆ. ಬುಡ ಸವೆದು, ಕೊಡೆ ಬಿಚ್ಚಿದ ಹಾಗೆ ನಿಂತ ಕಲ್ಲಿನ ಕುರುವೆಗಳು ಆಗ ಪೂರ್ತಿ ಕಾಣುತ್ತವೆ. ಕಾಂಡ್ಲಾ ಕಾಡಿನ ಮೇಲೆ ಸಾವಿರಾರು ಫ್ರಿಗೇಟ್ ಹಕ್ಕಿಗಳು. ಗಂಡು ತನ್ನ ಕೆಂಪು ಕತ್ತಿನ ಚೀಲವನ್ನು ಬಲೂನಿನ ಹಾಗೆ ಉಬ್ಬಿಸಿ ಕೂತಿರುತ್ತದೆ. ಕಡಲಿನಿಂದ ಮೀನು ನುಂಗಿ ಬರುವ ಬೂಬಿ ಹಕ್ಕಿಗಳನ್ನು ಗಾಳಿಯಲ್ಲೇ ಅಟ್ಟಿ, ಕಕ್ಕಿಸಿ, ಬೀಳುವ ಮೀನನ್ನು ಹಿಡಿಯುವುದನ್ನು ಕಂಡೆವು.

ಈ ಹಕ್ಕಿಗಳಿಂದಾಗಿ ಒಂದು ದೊಡ್ಡ ಕಥೆ ನಡೆಯಿತು. 1965ರಲ್ಲಿ ಬ್ರಿಟನ್ ಅಲ್ಡಾಬ್ರಾವನ್ನು ಸೇಶೆಲ್ಸ್‌ನಿಂದ ಬೇರ್ಪಡಿಸಿ ಬ್ರಿಟಿಷ್ ಹಿಂದೂ ಮಹಾಸಾಗರ ಪ್ರಾಂತ್ಯಕ್ಕೆ ಸೇರಿಸಿತು. ಯೋಚನೆ ಇದ್ದದ್ದು ಅಲ್ಲಿ ವಾಯುನೆಲೆ ಕಟ್ಟುವುದು. ಭೂಗೋಳಶಾಸ್ತ್ರಜ್ಞ ಡೇವಿಡ್ ಸ್ಟಾಡರ್ಟ್, ಲಂಡನ್ನಿನ ರಾಯಲ್ ಸೊಸೈಟಿ, ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಎಲ್ಲರೂ ವಿರೋಧಿಸಿದರು. ಇಷ್ಟೊಂದು ದೊಡ್ಡ ಹಕ್ಕಿಗಳು ಹಾರಾಡುವ ಕಡೆ ವಿಮಾನ ಹಾರಿಸುವುದು ವಿಮಾನಕ್ಕೂ ಅಪಾಯ ಅನ್ನುವುದು ಅವರ ವಾದಗಳಲ್ಲಿ ಒಂದಾಗಿತ್ತು. ಕೊನೆಗೆ 1967ರ ನವೆಂಬರಿನಲ್ಲಿ ಪೌಂಡಿನ ಬೆಲೆ ಇಳಿಸಬೇಕಾಗಿ ಬಂದಾಗ ಬ್ರಿಟನ್ ಯೋಜನೆಯನ್ನು ಕೈಬಿಟ್ಟಿತು. ನೆಲೆ ಬಂದದ್ದು ಅದೇ ಪ್ರಾಂತ್ಯದ ಡಿಯಾಗೋ ಗಾರ್ಸಿಯಾ ದ್ವೀಪದಲ್ಲಿ. ಅಲ್ಲಿ ತಲೆತಲಾಂತರದಿಂದ ಬದುಕಿದ್ದ ಜನರನ್ನು ಒಕ್ಕಲೆಬ್ಬಿಸಿದರು. ಅಲ್ಡಾಬ್ರಾ ಉಳಿದ ಸಂತೋಷದ ಜೊತೆ ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆಮೆಗಳ ಪರವಾಗಿ ಎದ್ದಷ್ಟು ದನಿಗಳು ಆ ಜನರ ಪರವಾಗಿ ಆಗ ಏಳಲಿಲ್ಲ.

1976ರಲ್ಲಿ ಸೇಶೆಲ್ಸ್ ಸ್ವತಂತ್ರವಾದಾಗ ಅಲ್ಡಾಬ್ರಾ ಮರಳಿ ಅದರ ಕೈಗೆ ಬಂತು. 1982ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈಗ ಅಲ್ಲಿರುವುದು ಪಿಕಾರ್ ದ್ವೀಪದ ಸಂಶೋಧನಾ ಕೇಂದ್ರದ ಬೆರಳೆಣಿಕೆಯ ಜನ ಮಾತ್ರ.

ಮುಂದಿನ ಸಾಲಿನಲ್ಲಿ ಮಕ್ಕಳು ಕೂತಿದ್ದಾರೆ, ಅವರಿಗಾಗಿ ಒಂದು ಹಕ್ಕಿಯ ಕಥೆ. ಕೋಳಿಮರಿಯ ಹಾಗೆ ಓಡಾಡುವ, ಬಿಳಿ ಕತ್ತಿನ ಒಂದು ರೈಲ್ ಹಕ್ಕಿ ಅಲ್ಲಿದೆ. ಹಾರಲು ಬಾರದು. ಹಿಂದೂ ಮಹಾಸಾಗರದಲ್ಲಿ ಉಳಿದಿರುವ ಹಾರಲಾರದ ಹಕ್ಕಿ ಇದೊಂದೇ. ಡೋಡೋ ಹಕ್ಕಿಯ ಗತಿ ನಿಮಗೆಲ್ಲ ಗೊತ್ತು. ಒಣ ಎಲೆಯನ್ನು ಕೈಯಲ್ಲಿ ಸರಬರ ಅನ್ನಿಸಿದರೆ ಏನೆಂದು ನೋಡಲು ಓಡಿಯೇ ಬರುತ್ತದೆ. ನನ್ನ ಬೂಟಿನ ದಾರವನ್ನು ಎರಡು ಸಲ ಕುಕ್ಕಿತು. ಸುಮಾರು 1,36,000 ವರ್ಷಗಳ ಹಿಂದೆ ಅಲ್ಡಾಬ್ರಾ ಪೂರ್ತಿ ಕಡಲಲ್ಲಿ ಮುಳುಗಿತ್ತು. ಆಗ ಅಲ್ಲಿದ್ದ ಹಾರಲಾರದ ರೈಲ್‌ಗಳೆಲ್ಲ ನಾಶವಾದವು. ನೀರಿಳಿದ ಮೇಲೆ ಮಡಗಾಸ್ಕರ್‌ ಕಡೆಯಿಂದ ಅದೇ ವಂಶದ ಹಾರುವ ಹಕ್ಕಿಗಳು ಬಂದು ನೆಲೆಸಿದವು. ಹಿಡಿದು ತಿನ್ನುವ ಪ್ರಾಣಿಗಳಿಲ್ಲದ್ದರಿಂದ ಅವೂ ಕಾಲಕ್ರಮದಲ್ಲಿ ಹಾರುವುದನ್ನು ಬಿಟ್ಟವು. ಪಳೆಯುಳಿಕೆಯ ಮೂಳೆಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳು 2019ರಲ್ಲಿ ಇದನ್ನು ಪ್ರಕಟಿಸಿದರು. ಒಂದೇ ದ್ವೀಪ, ಒಂದೇ ವಂಶ, ಎರಡು ಸಲ ಅದೇ ದಾರಿ. ಆಮೇಲೆ ಮನುಷ್ಯ ತಂದ ಬೆಕ್ಕುಗಳು ಪಿಕಾರ್‌ ದ್ವೀಪದಲ್ಲಿ ಅವನ್ನು ಮುಗಿಸಿದವು. 1999ರಲ್ಲಿ ಮಲಬಾರ್‌ ದ್ವೀಪದಿಂದ 18 ಹಕ್ಕಿಗಳನ್ನು ತಂದು ಮತ್ತೆ ಬಿಟ್ಟರು. ನನ್ನ ದಾರ ಕುಕ್ಕಿದ್ದು ಅವುಗಳ ಮರಿಮಕ್ಕಳಲ್ಲೊಂದು.

ಈಗ ನೋವಿನ ಸಂಗತಿ. ಜನರೇ ಇಲ್ಲದ ಈ ದ್ವೀಪದ ತೀರಕ್ಕೆ ಕಸ ಬರುತ್ತಲೇ ಇದೆ. 2019ರಲ್ಲಿ ಸ್ವಯಂಸೇವಕರ ಒಂದು ಪುಟ್ಟ ತಂಡ ಐದು ವಾರ ದುಡಿದು 25 ಟನ್ ಕಸವನ್ನು ಹೊರಸಾಗಿಸಿತು. ಇನ್ನೂ 500 ಟನ್ನಿಗೂ ಹೆಚ್ಚು ಉಳಿದಿದೆ ಎಂದು ಅವರ ಅಂದಾಜು. ತೂಕದ ಲೆಕ್ಕದಲ್ಲಿ ಬಹುಪಾಲು ಮೀನುಗಾರಿಕೆಯ ಬಲೆ, ಹಗ್ಗ. ಉಳಿದದ್ದರಲ್ಲಿ ಎದ್ದು ಕಾಣುವುದು ರಬ್ಬರ್ ಚಪ್ಪಲಿ. ಲಕ್ಷಗಟ್ಟಲೆ ಹವಾಯಿ ಚಪ್ಪಲಿಗಳು, ಎಡಗಾಲಿನವು, ಬಲಗಾಲಿನವು, ಮಕ್ಕಳವು. ಪಿಕಾರ್‌ ತೀರದಲ್ಲಿ ನಾವು ನಡೆದ ಸ್ವಲ್ಪ ದೂರದಲ್ಲೇ ಹನ್ನೊಂದು ಸಿಕ್ಕವು. ಮೊಟ್ಟೆಯಿಡಲು ದಡ ಹತ್ತುವ ಕಡಲಾಮೆ ಇವುಗಳ ಮೇಲೆ ತೆವಳಿಕೊಂಡು ಹೋಗಬೇಕು. ನನ್ನ ಬೂಟಿನ ಒಂದು ಬೀಜವನ್ನು ಚಿಮುಟದಿಂದ ಹೆಕ್ಕಿದ ಹೆಣ್ಣುಮಗಳೇ ಆ ಹನ್ನೊಂದನ್ನೂ ಚೀಲಕ್ಕೆ ತುಂಬಿದಳು. ಆಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದೂ ತಿಳಿದಿರಲಿ. ಪ್ರಾಲಿನ್ ದ್ವೀಪದಲ್ಲಿ ಅವಳಿ ತೆಂಗಿನ, ಅಂದರೆ ಕೊಕೊ ದ ಮೇರ್‌ನ, ಒಂದು ಕಾಡಿದೆ, ವಾಲೆ ದ ಮೇ. ಅದೂ ಇದೇ ಫೌಂಡೇಶನ್ನಿನದು. ಅಲ್ಲಿಗೆ ಬರುವ ಪ್ರವಾಸಿಗಳ ಟಿಕೆಟ್ ಹಣದಲ್ಲಿ ಅಲ್ಡಾಬ್ರಾದ ಕೆಲಸ ಬಹುಮಟ್ಟಿಗೆ ನಡೆಯುತ್ತದೆ. ಅಲ್ಡಾಬ್ರಾಕ್ಕೇ ಹೋಗುವವರ ಶುಲ್ಕವೂ ಸೇರುತ್ತದೆ. 2009ರಲ್ಲಿ ಸೊಮಾಲಿಯಾದ ಕಡಲ್ಗಳ್ಳರು ಆ ಸುತ್ತಿನ ನೀರಿನಲ್ಲೇ ಒಂದು ಬಾಡಿಗೆ ನೌಕೆಯನ್ನು ಅಪಹರಿಸಿದ ಮೇಲೆ ಕೆಲವು ವರ್ಷ ಪ್ರವಾಸಿಗಳು ಬರುವುದೇ ನಿಂತುಹೋಗಿತ್ತು. ಆದ್ದರಿಂದ ಯಾರೂ ಹೋಗಲೇಬಾರದು ಎಂದು ನಾನು ಹೇಳುವುದಿಲ್ಲ. ಹೋಗುವವರು ಕಷ್ಟಪಟ್ಟೇ ಹೋಗಲಿ, ಕೆಲವೇ ಜನ ಹೋಗಲಿ, ಚಿಮುಟದ ಮುಂದೆ ಬೂಟು ಬಿಚ್ಚಿ ಕೂರಲಿ. ನಿಧಾನವಾದ, ಹೊಟ್ಟೆ ತೊಳಸುವ ಆ ನೌಕೆಯೇ ಸರಿಯಾದ ದಾರಿ ಎಂದು ನನಗೆ ಖಾತ್ರಿಯಾಗಿದೆ.

(ಉಪನ್ಯಾಸದ ನಂತರ ಕೇಳಿದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವಳು ಒಬ್ಬ ವಿದ್ಯಾರ್ಥಿನಿ: "ಪಕ್ಕದ ದ್ವೀಪದಲ್ಲಿ ವಿಮಾನ ಇಳಿಯುತ್ತದಂತೆ, ಅಲ್ಲಿ ರೆಸಾರ್ಟ್ ಬರುತ್ತಿದೆಯಂತೆ. ಆಗ ನಮ್ಮಂಥವರೂ ಸುಲಭವಾಗಿ ಹೋಗಬಹುದಲ್ಲ?")

ಹೌದು, ಅಸಂಪ್ಷನ್ ಎಂಬ ದ್ವೀಪದಲ್ಲಿ ಓಡುಪಟ್ಟಿ ಇದೆ, ಅಲ್ಡಾಬ್ರಾದಿಂದ ಸುಮಾರು 27 ಕಿ.ಮೀ. ಈಗಲೂ ಕೆಲವರು ಅಲ್ಲಿಗೆ ಬಾಡಿಗೆ ವಿಮಾನದಲ್ಲಿ ಬಂದು ನೌಕೆ ಹತ್ತುತ್ತಾರೆ. ಐಷಾರಾಮಿ ರೆಸಾರ್ಟಿನ ಕೆಲಸ ಶುರುವಾಗಿರುವುದೂ ನಿಜ. ಸೇಶೆಲ್ಸ್‌ನ ಜನರೇ ಅದನ್ನು ಕುರಿತು ವಾದಿಸುತ್ತಿದ್ದಾರೆ. ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ನನ್ನ ಬಳಿ ಇರುವ ಉತ್ತರ ಒಂದು ಹಕ್ಕಿಯದು.

ಅಸಂಪ್ಷನ್ನಿನಲ್ಲೂ ದೈತ್ಯ ಆಮೆಗಳಿದ್ದವು, ರೈಲ್ ಹಕ್ಕಿಯ ಒಂದು ಸೋದರ ಬಗೆಯೂ ಇತ್ತು. ಗೊಬ್ಬರಕ್ಕೆಂದು ಹಕ್ಕಿಹಿಕ್ಕೆಯ ಗಣಿ ತೋಡಿ ಮುಗಿಸುವ ಹೊತ್ತಿಗೆ ಅದೆಲ್ಲ ಹೋಗಿತ್ತು. 1970ರ ದಶಕದಲ್ಲಿ ಮಾರಿಷಸ್ ಕಡೆಯಿಂದ ಯಾರೋ ಅಲ್ಲಿಗೆ ಕೆಮ್ಮೀಸೆ ಪಿಕಳಾರಗಳನ್ನು ಪಂಜರದಲ್ಲಿ ತಂದರು. ನಿನಗೆ ಗೊತ್ತಿರುವ ಹಕ್ಕಿಯೇ. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕೆಂಪು, ನಮ್ಮಲ್ಲಿ ಬೇಲಿಬೇಲಿಯಲ್ಲೂ ಕೂಗುತ್ತದೆ. ಇಲ್ಲಿ ಅದು ಯಾರಿಗೂ ಕೇಡು ಮಾಡಿಲ್ಲ. ಅಲ್ಲಿ ಅದು ಸಾವಿರಾರಾಯಿತು. ಹೊರಗಿನ ಗಿಡಗಳ ಹಣ್ಣು ತಿಂದು ಬೀಜ ಹರಡಬಲ್ಲದು, ಅಲ್ಡಾಬ್ರಾದ ಹಕ್ಕಿಗಳ ಆಹಾರಕ್ಕೆ ಬಾಯಿ ಹಾಕಬಲ್ಲದು ಅನ್ನುವ ಭಯದಿಂದ ಫೌಂಡೇಶನ್ನಿನವರು ವರ್ಷಗಟ್ಟಲೆ ದುಡಿದು ಅಸಂಪ್ಷನ್ನಿನ 5,000ಕ್ಕೂ ಹೆಚ್ಚು ಪಿಕಳಾರಗಳನ್ನು ನಿರ್ಮೂಲ ಮಾಡಿದರು. ಆ ಕೆಲಸ ನಡೆಯುತ್ತಿದ್ದಾಗಲೇ, 2012ರಲ್ಲಿ, ಅಲ್ಡಾಬ್ರಾದಲ್ಲಿ ಒಂದು ಪಿಕಳಾರ ಕಾಣಿಸಿಕೊಂಡಿತು. ಒಂದೇ ಒಂದು. ಆ 27 ಕಿ.ಮೀ. ನೀರನ್ನು ಅದು ದಾಟಿತ್ತು. ಅದನ್ನು ಹುಡುಕಿ ಕೊಲ್ಲುವುದರೊಳಗೆ ಮಾರನೇ ವರ್ಷ ಬಂದಿತ್ತು.